ಅಪ್ಪನ ಹೃದಯ ನಿಲ್ಲಿಸಿ ಆಪರೇಷನ್ ಮಾಡ್ತಾರಂತೆ. ನಿಂತಿರುವಾಗ ಅದನ್ನು ಹೇಗೆ ಕಾಪಾಡ್ತಾರೆ?

ಬೆಟಗೇರಿ_ಮಗಳು | ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನಿಗೆ 61 ವರ್ಷ. ಬೆಟಗೇರಿಯಲ್ಲಿ ನಲವತ್ತು ವರ್ಷ ಕೈಮಗ್ಗದಲ್ಲಿ ಸೀರೆ ನೇಯ್ದವರು. ಆರು ತಿಂಗಳಿಂದ ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತಿತ್ತು. ಎರಡು ಸಲ ತಲೆಸುತ್ತಿ ಬಿದ್ದರು. ಎಕೋ, ಆಂಜಿಯೋಗ್ರಾಂ ಎಲ್ಲಾ ಮಾಡಿಸಿದೆವು. ಅಯೋರ್ಟಿಕ್ ವಾಲ್ವ್ (ಹೃದಯದಿಂದ ರಕ್ತ ಹೊರಗೆ ಹೋಗುವ ಕವಾಟ) ಗಟ್ಟಿಯಾಗಿ ಕಿರಿದಾಗಿದೆ, ಸ್ವಲ್ಪ ಸೋರುತ್ತಲೂ ಇದೆ, ಎರಡು ರಕ್ತನಾಳಗಳಲ್ಲಿ ಬ್ಲಾಕ್ ಇದೆ ಎಂದರು. ವಾಲ್ವ್ ಬದಲಿಸುವುದು, ಬೈಪಾಸ್, ಎರಡೂ ಒಟ್ಟಿಗೇ ಆಗಬೇಕು. ಹುಬ್ಬಳ್ಳಿಯಲ್ಲಿ ಇನ್ನು ಮೂರು ವಾರಕ್ಕೆ ದಿನ ಕೊಟ್ಟಿದ್ದಾರೆ.

ಡಾಕ್ಟರು ಒಳ್ಳೆಯವರು. ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಆದರೆ "ಹೃದಯ ನಿಲ್ಲಿಸಿ ಕೆಲಸ ಮಾಡ್ತೇವೆ" ಎಂದ ಮೇಲೆ ಅಪ್ಪನ ಕಿವಿಗೆ ಬೇರೇನೂ ಬೀಳಲಿಲ್ಲ. ವಾಪಸ್ ಗದಗಿನ ಬಸ್ಸಿನಲ್ಲಿ ಅಣ್ಣಿಗೇರಿ ದಾಟುವವರೆಗೂ ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ ಮಾತು: "ಒಮ್ಮೆ ನಿಂತದ್ದು ಮತ್ತ ಚಾಲೂ ಆಕ್ಕೈತೇನವ್ವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹೃದಯಾಘಾತ ಅಂದರೆ ಹೃದಯದ ಸ್ನಾಯುವಿಗೆ ರಕ್ತ ನಿಲ್ಲುವುದು ಅಲ್ವಾ? ಇಲ್ಲಿ ಡಾಕ್ಟರೇ ಒಂದೂವರೆ ಗಂಟೆ ರಕ್ತ ನಿಲ್ಲಿಸುತ್ತಾರೆ. ಹಾಗಾದರೆ ಆಪರೇಷನ್ನೇ ಒಂದು ಹೃದಯಾಘಾತ ಆಗುವುದಿಲ್ಲವಾ? ಗೊತ್ತಿದ್ದವರು ದಯವಿಟ್ಟು ಹೇಳಿ. ಅಪ್ಪನಿಗೆ ಓದಿ ಹೇಳುತ್ತೇನೆ.

ಪಂಪ್_ಕಾಯುವವ | ಭಾನುವಾರ, ರಾತ್ರಿ 11:15

ತಂಗಿ, ನಾನು ಪರ್ಫ್ಯೂಷನಿಸ್ಟ್. ಥಿಯೇಟರಿನಲ್ಲಿ ಹೃದಯ, ಶ್ವಾಸಕೋಶದ ಕೆಲಸ ಮಾಡುವ ಹಾರ್ಟ್-ಲಂಗ್ ಮಷಿನ್ ನಡೆಸುವ ಕೆಲಸ. ಹುಬ್ಬಳ್ಳಿ-ಧಾರವಾಡದಲ್ಲೇ ಹದಿನಾಲ್ಕು ವರ್ಷ ಆಯಿತು. ನಿಮ್ಮ ತಂದೆಯವರ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಹೌದು, ಮತ್ತೆ ಶುರುವಾಗುತ್ತದೆ. ಅದು ನಿಂತಿದ್ದರೂ ಸತ್ತಿರುವುದಿಲ್ಲ.

ಈಗ ನಿಮ್ಮ ಪ್ರಶ್ನೆ. ನೀವು ಕೇಳಿದ್ದು ಸರಿಯಾಗಿಯೇ ಇದೆ. ಏನೂ ವ್ಯವಸ್ಥೆ ಮಾಡದೆ ರಕ್ತ ನಿಲ್ಲಿಸಿದರೆ ಅದು ಹೃದಯಾಘಾತವೇ. ಮೈಬಿಸಿಯಲ್ಲಿ ಬಡಿಯುತ್ತಿರುವ ಹೃದಯಕ್ಕೆ ರಕ್ತ ಪೂರ್ತಿ ನಿಂತರೆ ಸುಮಾರು 20 ನಿಮಿಷ ಕಳೆದ ಮೇಲೆ ಕೋಶಗಳು ಸಾಯಲು ಶುರುವಾಗುತ್ತವೆ. ವಾಲ್ವ್ ಹೊಲಿಯಲು 20 ನಿಮಿಷ ಎಲ್ಲಿ ಸಾಕಾಗುತ್ತದೆ? ಹಾಗಾಗಿ ಆ ಹೊತ್ತನ್ನು ಒಂದೂವರೆ, ಎರಡು ಗಂಟೆಯವರೆಗೆ ಎಳೆಯಬೇಕು.

ಹೇಗೆ ಅಂದರೆ, ಹೃದಯದ ಹಸಿವನ್ನೇ ಕಡಿಮೆ ಮಾಡುತ್ತೇವೆ. ಕೆಲಸ ಮಾಡುತ್ತಿರುವ ಹೃದಯದ 100 ಗ್ರಾಂ ಸ್ನಾಯುವಿಗೆ ನಿಮಿಷಕ್ಕೆ ಸುಮಾರು 8ರಿಂದ 10 ಮಿಲಿಲೀಟರ್ ಆಮ್ಲಜನಕ ಬೇಕು. ಬಡಿತ ಪೂರ್ತಿ ನಿಲ್ಲಿಸಿದರೆ ಅದು ಸುಮಾರು 1 ಮಿಲಿಲೀಟರ್‌ಗೆ ಇಳಿಯುತ್ತದೆ. ಅದರ ಮೇಲೆ 22 ಡಿಗ್ರಿಗೆ ತಂಪು ಮಾಡಿದರೆ 0.3ರ ಹತ್ತಿರ. ನೋಡಿ, ದೊಡ್ಡ ಉಳಿತಾಯ ಬರುವುದು ನಿಲ್ಲಿಸುವುದರಿಂದ. ತಂಪು ಅದಕ್ಕೆ ಮೇಲಿಂದ ಸಿಗುವ ಬೆಂಬಲ. ಹೃದಯ ನಿಲ್ಲಿಸುವುದು ಸರ್ಜನ್ ಕೈಗೆ ಅನುಕೂಲ ಆಗಲಿ ಅಂತ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಅದನ್ನು ಕಾಪಾಡುವ ದಾರಿಯೂ ನಿಲ್ಲಿಸುವುದೇ.

ನಿಲ್ಲಿಸುವ ದ್ರಾವಣಕ್ಕೆ ಕಾರ್ಡಿಯೋಪ್ಲೀಜಿಯಾ ಎನ್ನುತ್ತಾರೆ. ನಾವು ಸುಮ್ನೆ ಪ್ಲೀಜಿಯಾ ಅಂತೀವಿ. ಅದರಲ್ಲಿ ಮುಖ್ಯವಾಗಿ ಪೊಟ್ಯಾಸಿಯಂ. ನಮ್ಮ ರಕ್ತದಲ್ಲಿ ಲೀಟರಿಗೆ 3.5ರಿಂದ 5 ಮಿಲಿಮೋಲ್ ಪೊಟ್ಯಾಸಿಯಂ ಇರುತ್ತದೆ. ಪ್ಲೀಜಿಯಾದಲ್ಲಿ ಅದರ ಮೂರು-ನಾಲ್ಕು ಪಟ್ಟು. ಸರ್ಜನ್ ಮಹಾಧಮನಿಗೆ, ಅಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳಕ್ಕೆ, ಕ್ಲಾಂಪ್ (ಬಿಗಿಹಿಡಿಯುವ ಇಕ್ಕಳ) ಹಾಕಿದ ಕೂಡಲೇ ತಣ್ಣಗಿನ ಪ್ಲೀಜಿಯಾವನ್ನು ಹೃದಯದ ಸ್ವಂತ ರಕ್ತನಾಳಗಳಿಗೆ ಬಿಡುತ್ತೇವೆ. ಒಂದು ನಿಮಿಷದ ಆಸುಪಾಸಿನಲ್ಲಿ ಇಸಿಜಿ ಗೆರೆ ಮಟ್ಟಸ ಆಗುತ್ತದೆ. ಅಷ್ಟು ಹೊತ್ತೂ ಮಿದುಳು, ಮೂತ್ರಪಿಂಡ, ಯಕೃತ್ತು, ಕೈಕಾಲು ಎಲ್ಲಕ್ಕೂ ಮಷಿನ್ ರಕ್ತ ಕೊಡುತ್ತಿರುತ್ತದೆ. ರಕ್ತ ನಿಂತಿರುವುದು ಹೃದಯಕ್ಕೆ ಮಾತ್ರ.

ನಿಮ್ಮ ತಂದೆಯವರು ನೇಕಾರರು ಎಂದಿರಿ. ಮಗ್ಗ ನಡೆಯುತ್ತಿರುವಾಗ ಕಡಿದ ಎಳೆ ಕಟ್ಟಲು ಆಗುತ್ತದಾ, ಅವರನ್ನೇ ಕೇಳಿ. ನನ್ನ ಸೋದರಮಾವನ ಮನೆಯಲ್ಲೂ ಮಗ್ಗ ಇತ್ತು. ಬಹಳ ದಿನ ಬಿಟ್ಟು ಹೋಗುವುದಿದ್ದರೆ ಹಾಸಿನ ಬಿಗಿ ಸಡಿಲ ಮಾಡಿ ಹೋಗುತ್ತಿದ್ದರು. ಪೊಟ್ಯಾಸಿಯಂ ಮಾಡುವುದೂ ಹಾಗೇ. ಹೃದಯವನ್ನು ಹಿಂಡಿದ ಸ್ಥಿತಿಯಲ್ಲಿ ನಿಲ್ಲಿಸುವುದಿಲ್ಲ, ಸಡಿಲವಾದ ಸ್ಥಿತಿಯಲ್ಲಿ ನಿಲ್ಲಿಸುತ್ತದೆ. ಬಿಗಿಯಾಗಿ ನಿಂತರೆ ನಿಂತಲ್ಲೇ ಶಕ್ತಿ ಸುಟ್ಟುಕೊಳ್ಳುತ್ತದೆ.

ಬೆಟಗೇರಿ_ಮಗಳು | ಸೋಮವಾರ, ಬೆಳಿಗ್ಗೆ 7:05

ಅಣ್ಣಾ, ಬೆಳಿಗ್ಗೆ ಚಹಾ ಕುಡಿಯುವಾಗ ಓದಿ ಹೇಳಿದೆ. ಹಾಸು ಸಡಿಲ ಮಾಡುವ ಮಾತು ಕೇಳಿ ಅಪ್ಪ ತಲೆ ಎತ್ತಿದರು. "ಬಿಗಿ ಇಟ್ಟು ಹೋದರ ಎಳಿ ತಾಳಂಗಿಲ್ಲ" ಎಂದರು. ಭಾನುವಾರದಿಂದ ಇದೇ ಮೊದಲ ಸಲ ಆಪರೇಷನ್ ಬಗ್ಗೆ ಅವರಾಗಿ ಮಾತಾಡಿದ್ದು.

ಗೋಕುಲ_ರಸ್ತೆ | ಸೋಮವಾರ, ಬೆಳಿಗ್ಗೆ 10:20

ನಮ್ಮ ದೊಡ್ಡಪ್ಪನಿಗೆ ಹೃದಯ ನಿಲ್ಲಿಸದೆ, ಬಡಿಯುತ್ತಿರುವಾಗಲೇ ಬೈಪಾಸ್ ಮಾಡಿದರು. ನೀವೂ ಅದನ್ನೇ ಕೇಳಬಹುದಲ್ಲ? ನಿಲ್ಲಿಸುವುದೇ ಬೇಡ ಅಂದರೆ ಭಯವೂ ಇಲ್ಲ.

ಪಂಪ್_ಕಾಯುವವ | ಸೋಮವಾರ, ಮಧ್ಯಾಹ್ನ 3:30

ಬರೀ ಬೈಪಾಸ್ ಆದರೆ ಅದು ಸಾಧ್ಯ, ನಮ್ಮಲ್ಲೂ ಬಹಳ ಮಾಡುತ್ತಾರೆ. ರಕ್ತನಾಳ ಹೃದಯದ ಮೇಲ್ಮೈಯಲ್ಲಿರುತ್ತದೆ, ಹೊಲಿಯುವ ಅಷ್ಟು ಜಾಗವನ್ನು ಮಾತ್ರ ಅಲುಗಾಡದಂತೆ ಹಿಡಿದು ಕೆಲಸ ಮಾಡುತ್ತಾರೆ. ಆದರೆ ಈ ತಂಗಿಯ ತಂದೆಗೆ ವಾಲ್ವ್ ಬದಲಿಸಬೇಕು. ಅದಕ್ಕೆ ಮಹಾಧಮನಿಯನ್ನೇ ಕೊಯ್ದು ಒಳಗೆ ಹೋಗಬೇಕು. ಹೃದಯ ಬಡಿಯುತ್ತಿರುವಾಗ ಅದು ಆಗುವುದಿಲ್ಲ.

ಇನ್ನೊಂದು ವಿಷಯ. ನಿಲ್ಲಿಸದೆ ಮಾಡಿದರೆ ಜಾಸ್ತಿ ಸುರಕ್ಷಿತ ಎನ್ನುವುದು ಕೇಳಲು ಸರಿ ಅನಿಸುತ್ತದೆ. 19 ದೇಶಗಳಲ್ಲಿ 4,752 ರೋಗಿಗಳ ಮೇಲೆ ನಡೆದ ಕರೋನರಿ ಎಂಬ ಅಧ್ಯಯನ 2012ರಲ್ಲಿ ಹೊರಬಂತು. ಸಾವು, ಪಾರ್ಶ್ವವಾಯು, ಹೃದಯಾಘಾತ, ಡಯಾಲಿಸಿಸ್ ಬೇಕಾಗುವ ಕಿಡ್ನಿ ತೊಂದರೆ, ಇವೆಲ್ಲ ಸೇರಿಸಿ ನೋಡಿದರೆ 30 ದಿನಕ್ಕೆ ಎರಡೂ ವಿಧಾನಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಐದು ವರ್ಷಕ್ಕೂ ಹಾಗೇ. ನಿಮ್ಮ ಸರ್ಜನ್‌ಗೆ ಯಾವುದು ಕೈಗೆ ಚೆನ್ನಾಗಿ ಕೂತಿದೆಯೋ ಅದು ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ.

ಧಾರವಾಡ_ನಿವೃತ್ತ | ಸೋಮವಾರ, ಸಂಜೆ 6:45

ನಾನು ಮೂವತ್ತು ವರ್ಷ ಶರೀರಕ್ರಿಯಾಶಾಸ್ತ್ರ ಪಾಠ ಮಾಡಿದವನು. ಈ ಪೊಟ್ಯಾಸಿಯಂ ಕಥೆಯನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತಿದ್ದೆ. ಇಲ್ಲೂ ಹೇಳಬೇಕು ಅನಿಸಿತು. ಈಗ ಸಲೀಸಾಗಿ ಕಾಣುವ ಈ ಕೆಲಸಕ್ಕೆ ಎಷ್ಟು ಜನ ಎಷ್ಟು ವರ್ಷ ತಲೆ ಕೊಟ್ಟರು ಎಂದು ತಿಳಿದರೆ ಧೈರ್ಯ ಬರುತ್ತದೆ.

ಮೊದಲು ಬಂದದ್ದು ತಂಪು. ಕೆನಡಾದ ಬಿಗೆಲೋ ಎಂಬ ಸರ್ಜನ್, ಮೈ ತಣ್ಣಗಾದರೆ ಆಮ್ಲಜನಕದ ಬೇಡಿಕೆ ಇಳಿಯುತ್ತದೆ ಎಂದು ಪ್ರಾಣಿಗಳಲ್ಲಿ ತೋರಿಸಿದರು. 1952ರ ಸೆಪ್ಟೆಂಬರ್ 2ರಂದು ಅಮೆರಿಕದ ಮಿನ್ನೆಸೋಟದಲ್ಲಿ ಜಾನ್ ಲೂಯಿಸ್ ಐದು ವರ್ಷದ ಹುಡುಗಿಯ ಮೈ ತಂಪು ಮಾಡಿ ಅವಳ ಹೃದಯದ ರಂಧ್ರ ಮುಚ್ಚಿದರು. ಕೈಯಲ್ಲಿದ್ದದ್ದು ಕೆಲವೇ ನಿಮಿಷ. ಮರು ವರ್ಷ, 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ 18 ವರ್ಷದ ಯುವತಿಗೆ ಹಾರ್ಟ್-ಲಂಗ್ ಮಷಿನ್ ಹಚ್ಚಿ ಅಂಥದೇ ರಂಧ್ರ ಮುಚ್ಚಿದರು. ಅವಳ ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು ಮಷಿನ್ ಪೂರ್ತಿಯಾಗಿ ಮಾಡಿದ್ದು 26 ನಿಮಿಷ. ಆ ಮಷಿನ್‌ಗಾಗಿ ಅವರು ಹತ್ತಿರ ಹತ್ತಿರ ಇಪ್ಪತ್ತು ವರ್ಷ ದುಡಿದಿದ್ದರು.

ದೇಹ ಉಳಿಯಿತು, ಹೃದಯ ಉಳಿಸುವುದು ಇನ್ನೂ ಬಾಕಿ ಇತ್ತು. 1955ರಲ್ಲಿ ಲಂಡನ್ನಿನ ಮೆಲ್ರೋಸ್, ಪೊಟ್ಯಾಸಿಯಂ ಸಿಟ್ರೇಟ್ ಕೊಟ್ಟರೆ ಹೃದಯ ನಿಲ್ಲುತ್ತದೆ ಎಂದು ತೋರಿಸಿದರು. ಎಲ್ಲರೂ ಉತ್ಸಾಹದಿಂದ ಬಳಸಿದರು. ಆದರೆ ಅವರ ದ್ರಾವಣ ತೀರಾ ಗಾಢವಾಗಿತ್ತು, ಸ್ನಾಯುವಿಗೇ ಗಾಯ ಮಾಡಿತು. ಪೊಟ್ಯಾಸಿಯಂ ಮೂಲೆ ಸೇರಿತು. ಮುಂದೆ ಹತ್ತು-ಹದಿನೈದು ವರ್ಷ ಬಹಳ ಸರ್ಜನ್‌ಗಳು ಬರೀ ತಂಪು ಮಾಡಿಕೊಂಡು, ಕ್ಲಾಂಪ್ ಹಾಕಿ ತೆಗೆದು ಮಾಡಿಕೊಂಡು ಕೆಲಸ ಸಾಗಿಸಿದರು. 1972ರಲ್ಲಿ ಡೆಂಟನ್ ಕೂಲಿ ಮತ್ತು ಅವರ ಜೊತೆಗಾರರು ಒಂದು ದಾರುಣ ಸಂಗತಿ ಬರೆದರು. ಆಪರೇಷನ್ ಮುಗಿದ ಮೇಲೆ ಕೆಲವರ ಹೃದಯ ಕಲ್ಲಿನಂತೆ ಗಟ್ಟಿಯಾಗಿ ಮತ್ತೆ ಬಡಿಯಲೇ ಇಲ್ಲ. ಶಕ್ತಿ ತೀರಿದ ಸ್ನಾಯು ಬಿಗಿಯಾಗಿ ಕಟ್ಟಿಕೊಂಡಿತ್ತು.

1973ರಲ್ಲಿ ಗೇ ಮತ್ತು ಎಬರ್ಟ್ ಎಂಬ ಇಬ್ಬರು, ಮೆಲ್ರೋಸ್ ಹೇಳಿದ್ದು ಸರಿ, ಪ್ರಮಾಣ ಮಾತ್ರ ತಪ್ಪಿತ್ತು ಎಂದು ತೋರಿಸಿದರು. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಹರ್ಸ್ ಮತ್ತು ಬ್ರೇಂಬ್ರಿಜ್ ಅಳತೆ ಮಾಡಿ ಮಾಡಿ ಒಂದು ದ್ರಾವಣ ಕಟ್ಟಿದರು. ಇಂದಿಗೂ ಅದಕ್ಕೆ ಆ ಆಸ್ಪತ್ರೆಯ ಹೆಸರೇ ಇದೆ. ಅದರ ಎರಡನೆಯ ರೂಪದಲ್ಲಿ ಲೀಟರಿಗೆ ಪೊಟ್ಯಾಸಿಯಂ 16, ಮೆಗ್ನೀಸಿಯಂ 16 ಮಿಲಿಮೋಲ್. ನಾಲ್ಕು ಪಟ್ಟು ಎಂದು ಮೇಲೆ ಬರೆದಿರುವ ಲೆಕ್ಕ ಇಲ್ಲಿಂದ ಬಂದದ್ದು. ಆಮೇಲೆ ಬಕ್‌ಬರ್ಗ್, ದ್ರಾವಣವನ್ನು ರೋಗಿಯ ರಕ್ತದಲ್ಲೇ ಕಲಸಿ ಕೊಡುವುದನ್ನು ಬಳಕೆಗೆ ತಂದರು.

ಮೆಲ್ರೋಸ್ ಬಗ್ಗೆ ನನಗೆ ಮೊದಲಿನಿಂದಲೂ ಗೌರವ. ಅವರ ಮೂಲ ವಿಚಾರವೇ ಇಂದು ಬೆಟಗೇರಿಯ ಒಬ್ಬ ನೇಕಾರರ ಎದೆಯನ್ನು ಕಾಯಲಿದೆ.

ಪಂಪ್_ಕಾಯುವವ | ಸೋಮವಾರ, ರಾತ್ರಿ 10:50

ಸರ್, ಓದಿ ಬಹಳ ಸಂತೋಷವಾಯಿತು. ತಂಗಿ, ಕಲ್ಲು ಹೃದಯದ ಮಾತು ಓದಿ ಹೆದರಬೇಡಿ. ನನ್ನ ಹದಿನಾಲ್ಕು ವರ್ಷದಲ್ಲಿ ಅಂಥದ್ದು ನೋಡಿಲ್ಲ. ಆದರೆ ನಿಮ್ಮ ತಂದೆಯವರಿಗೆ ಸಂಬಂಧಪಟ್ಟ ಒಂದು ಎಳೆ ಅದರಲ್ಲಿದೆ. ಅದನ್ನು ಬಿಡಿಸಿ ಹೇಳುತ್ತೇನೆ.

ಕಿರಿದಾದ ವಾಲ್ವಿನ ಮೂಲಕ ವರ್ಷಗಟ್ಟಲೆ ರಕ್ತ ತಳ್ಳಿ ತಳ್ಳಿ ಎಡ ಹೃದಯದ ಗೋಡೆ ದಪ್ಪ ಆಗಿರುತ್ತದೆ. ದಪ್ಪ ಗೋಡೆಯ ಒಳಪದರಕ್ಕೆ ಪ್ಲೀಜಿಯಾ ತಲುಪುವುದು ಕಷ್ಟ. ಎರಡನೆಯದು, ವಾಲ್ವ್ ಸೋರುತ್ತಿದೆ. ಸಾಮಾನ್ಯವಾಗಿ ನಾವು ಪ್ಲೀಜಿಯಾವನ್ನು ಮಹಾಧಮನಿಯ ಬುಡಕ್ಕೆ ಕೊಡುತ್ತೇವೆ, ಅಲ್ಲಿಂದ ಅದು ಹೃದಯದ ರಕ್ತನಾಳಗಳಿಗೆ ಹೋಗುತ್ತದೆ. ವಾಲ್ವ್ ಸೋರುತ್ತಿದ್ದರೆ ದ್ರಾವಣ ರಕ್ತನಾಳಕ್ಕೆ ಹೋಗದೆ ಹೃದಯದ ಒಳಗೇ ಸುರಿಯುತ್ತದೆ. ಆಗ ಎರಡು ನಷ್ಟ. ಸ್ನಾಯುವಿಗೆ ದ್ರಾವಣ ಸಿಗುವುದಿಲ್ಲ, ಕೋಣೆ ಉಬ್ಬಿ ಗೋಡೆ ಹಿಗ್ಗುತ್ತದೆ. ಹಿಗ್ಗಿದರೆ ಅದೇ ಒಂದು ಗಾಯ. ಮೂರನೆಯದು ಬ್ಲಾಕ್. ಮುಚ್ಚಿದ ನಾಳದ ಆಚೆ ರಕ್ತ ಹೋಗದಿದ್ದರೆ ಪ್ಲೀಜಿಯಾ ಹೇಗೆ ಹೋಗುತ್ತದೆ?

ನಮ್ಮ ಹೊಲಗಳಲ್ಲಿ ಮೇಲಿನ ಕಾಲುವೆ ಕಟ್ಟಿಕೊಂಡರೆ ಕೆಳಗಿನಿಂದ ನೀರು ಏರಿಸುತ್ತಾರಲ್ಲ, ಹಾಗೆ ಇಲ್ಲಿ ಹಿಂಬದಿಯ ದಾರಿ ಇದೆ. ಹೃದಯದ ಬಳಸಿದ ರಕ್ತ ಬಂದು ಸೇರುವ ದೊಡ್ಡ ಅಭಿಧಮನಿಗೆ ಕರೋನರಿ ಸೈನಸ್ ಎನ್ನುತ್ತಾರೆ. ಅದರೊಳಗೆ ನಳಿಕೆ ಇಟ್ಟು ಪ್ಲೀಜಿಯಾವನ್ನು ಉಲ್ಟಾ ಹರಿಸುತ್ತೇವೆ. ಬ್ಲಾಕ್ ಇರುವುದು ಧಮನಿಯಲ್ಲಿ, ಅಭಿಧಮನಿಯಲ್ಲಿ ಅಲ್ಲ. ಹಾಗಾಗಿ ಈ ದಾರಿ ತೆರೆದಿರುತ್ತದೆ. ಆದರೆ ಬಲ ಹೃದಯಕ್ಕೆ ಇದರಿಂದ ಸರಿಯಾಗಿ ಸಿಗುವುದಿಲ್ಲ. ಅದಕ್ಕೇ ಮಹಾಧಮನಿ ತೆರೆದ ಮೇಲೆ ಸರ್ಜನ್ ರಕ್ತನಾಳಗಳ ಬಾಯಿಗೇ ಸಣ್ಣ ನಳಿಕೆ ಹಿಡಿದು ನೇರವಾಗಿಯೂ ಕೊಡುತ್ತಾರೆ. ಬೈಪಾಸ್ ನಾಳದ ಒಂದು ತುದಿ ಹೊಲಿದಾದ ಕೂಡಲೇ ಅದರ ಮೂಲಕವೂ ಕೊಡಬಹುದು. ಎಲ್ಲ ದಾರಿಯಿಂದಲೂ ಸ್ವಲ್ಪ ಸ್ವಲ್ಪ.

ಎಡ ಹೃದಯ ಉಬ್ಬದಂತೆ ಒಂದು ಸಣ್ಣ ಪೈಪ್ ಇಟ್ಟು ಒಳಗಿನ ರಕ್ತ ಎಳೆಯುತ್ತಲೇ ಇರುತ್ತೇವೆ. ಅದಕ್ಕೆ ವೆಂಟ್ ಎನ್ನುತ್ತಾರೆ. ನೋಡಲು ಸಣ್ಣ ಕೆಲಸ. ಅದು ಕಟ್ಟಿಕೊಂಡರೆ ಗೊತ್ತಾಗುವುದು ತಡವಾಗಿ. ಹಾಗಾಗಿ ನನ್ನ ಒಂದು ಕಣ್ಣು ಯಾವಾಗಲೂ ಅದರ ಮೇಲೆ.

ನನ್ನ ಮುಂದೆ ಎರಡು ಗಡಿಯಾರ ಓಡುತ್ತಿರುತ್ತವೆ. ಒಂದು ಪಂಪ್ ಶುರುವಾದಾಗಿನಿಂದ, ಇನ್ನೊಂದು ಕ್ಲಾಂಪ್ ಹಾಕಿದಾಗಿನಿಂದ. ರಕ್ತದಲ್ಲಿ ಕಲಸಿ ಕೊಡುವ ಸಾಮಾನ್ಯ ಪ್ಲೀಜಿಯಾ ಆದರೆ ಸುಮಾರು 20 ನಿಮಿಷಕ್ಕೊಮ್ಮೆ ಮತ್ತೆ ಕೊಡಬೇಕು. "20 ಆಯ್ತು ಸರ್" ಎಂದು ನಾನು ಕೂಗುತ್ತೇನೆ. ಕೈಯಲ್ಲಿ ಹೊಲಿಗೆ ಇದ್ದರೂ ಸರ್ಜನ್ ನಿಲ್ಲಿಸಿ ಜಾಗ ಕೊಡುತ್ತಾರೆ. ಹಾಗೆ ಕೂಗಲು ಧೈರ್ಯ ಇರುವ ತಂಡ ಒಳ್ಳೆಯ ತಂಡ.

ಹಾವೇರಿ_ರೈತ | ಮಂಗಳವಾರ, ಬೆಳಿಗ್ಗೆ 6:10

ಅವ್ವಾ, ನನಗೆ 67. ಮೂರು ವರ್ಷದ ಹಿಂದೆ ಹೃದಯ ನಿಲ್ಲಿಸಿಯೇ ವಾಲ್ವ್ ಹಾಕಿದರು. ಈಗ ಬ್ಯಾಡಗಿ ಮೆಣಸಿನಕಾಯಿ ಹೊಲದಲ್ಲಿ ದಿನಾ ಎರಡು ಸುತ್ತು ಹಾಕುತ್ತೇನೆ. ನಿಮ್ಮ ತಂದೆಗೆ ನನ್ನ ಮಾತು ಹೇಳಿ: ನಿಂತಿದ್ದು ನನಗೆ ಗೊತ್ತೇ ಆಗಲಿಲ್ಲ. ಕಣ್ಣು ಮುಚ್ಚಿದೆ, ಕಣ್ಣು ಬಿಟ್ಟಾಗ ಗಂಟಲಲ್ಲಿ ಪೈಪ್ ಇತ್ತು. ನಡುವೆ ಏನೂ ಇಲ್ಲ.

ಕಷ್ಟ ಇದ್ದದ್ದು ಆಮೇಲೆ. ಕೆಮ್ಮಿದರೆ ಎದೆಮೂಳೆ ನೋವು. ದಿಂಬು ಅಪ್ಪಿಕೊಂಡು ಕೆಮ್ಮಲು ಸಿಸ್ಟರ್ ಕಲಿಸಿದರು. ಮೂರು ಚೆಂಡಿನ ಉಸಿರಾಟದ ಡಬ್ಬಿ ಕೊಟ್ಟಿದ್ದರು. ಅದನ್ನು ಆಪರೇಷನ್‌ಗೆ ಮೊದಲೇ ತಂದು ರೂಢಿ ಮಾಡಿಸಿ. ನಾನು ಮಾಡಿರಲಿಲ್ಲ, ಆಮೇಲೆ ಒಂದು ಚೆಂಡು ಏರಿಸಲು ಎರಡು ದಿನ ಹಿಡಿಯಿತು.

ನಿಮ್ಮ ತಂದೆ ಬೀಡಿ ಸೇದುತ್ತಾರಾ?

ಬೆಟಗೇರಿ_ಮಗಳು | ಮಂಗಳವಾರ, ಬೆಳಿಗ್ಗೆ 8:30

ಕಾಕಾ, ದಿನಕ್ಕೆ ಒಂದು ಕಟ್ಟು ಸೇದುತ್ತಿದ್ದರು. ಈಗ ನಾಲ್ಕೈದಕ್ಕೆ ಇಳಿಸಿದ್ದಾರೆ. ಶುಗರ್ ಕೂಡ ಇದೆ. ನಮ್ಮ ಸಂಬಂಧಿಕರೊಬ್ಬರು ಹೃದಯಕ್ಕೆ ಬಲ ಬರುತ್ತದೆ ಎಂದು ಮತ್ತಿ ತೊಗಟೆಯ ಕಷಾಯ, ಹಸಿ ಬೆಳ್ಳುಳ್ಳಿ ಶುರು ಮಾಡಿಸಿದ್ದಾರೆ. ಕೊಡಬಹುದಾ?

ಐಸಿಯು_ಸಿಸ್ಟರ್ | ಮಂಗಳವಾರ, ಮಧ್ಯಾಹ್ನ 2:15

ಅಕ್ಕಾ, ಡಾಕ್ಟರಿಗೆ ಹೇಳದೆ ಏನನ್ನೂ ಕೊಡಬೇಡಿ. ಬೆಳ್ಳುಳ್ಳಿ ಜಾಸ್ತಿ ತಿಂದರೆ ರಕ್ತ ಹೆಪ್ಪುಗಟ್ಟುವುದು ನಿಧಾನವಾಗಬಹುದು. ಕಷಾಯ, ಪುಡಿ, ಗುಳಿಗೆ, ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ಅವರ ಮುಂದೆ ಇಡಿ. ರಕ್ತ ತೆಳು ಮಾಡುವ ಕ್ಲೊಪಿಡೊಗ್ರೆಲ್ ಮಾತ್ರೆ ಇದ್ದರೆ ಸಾಮಾನ್ಯವಾಗಿ ಐದು ದಿನ ಮೊದಲು ನಿಲ್ಲಿಸುತ್ತಾರೆ. ಶುಗರ್ ಮಾತ್ರೆಗಳಲ್ಲಿ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬವು ಇದ್ದರೆ ಅವನ್ನೂ ಕನಿಷ್ಠ ಮೂರು ದಿನ ಮೊದಲು ನಿಲ್ಲಿಸಬೇಕಾಗುತ್ತದೆ. ಆದರೆ ನೀವಾಗಿ ನಿಲ್ಲಿಸಬೇಡಿ, ಕೇಳಿ. ಬಡಿತ ನಿಧಾನ ಮಾಡುವ ಮಾತ್ರೆಯನ್ನು ಹೆದರಿಕೊಂಡು ಬಿಟ್ಟವರನ್ನು ನೋಡಿದ್ದೇನೆ, ಅದು ಅಪಾಯ. ಹಲ್ಲು ಹುಳುಕಿದ್ದರೆ ಈಗಲೇ ತೋರಿಸಿ, ಹೊಸ ವಾಲ್ವಿಗೆ ಬಾಯಿಯ ಸೋಂಕು ಹೋಗಬಾರದು. ಬೀಡಿ ನಾಲ್ಕೈದೂ ಬೇಡ.

ಮೊದಲ ರಾತ್ರಿ ಐಸಿಯು ಒಳಗೆ ನೋಡಲು ಬಿಟ್ಟಾಗ ಧೈರ್ಯವಾಗಿರಿ. ಸಿರಿಂಜ್ ಪಂಪ್‌ಗಳಲ್ಲಿ ನಾಲ್ಕೈದು ಔಷಧಿ ಓಡುತ್ತಿರುತ್ತವೆ. ಅದನ್ನು ನೋಡಿ "ಹೃದಯ ಕೆಲಸ ಮಾಡ್ತಾ ಇಲ್ವಾ" ಎಂದು ಎಲ್ಲರೂ ಅಳುತ್ತಾರೆ. ಹೃದಯ ಕೆಲಸ ಮಾಡುತ್ತಿರುತ್ತದೆ, ಮಂಕಾಗಿರುತ್ತದೆ. ಎಷ್ಟು ಚೆನ್ನಾಗಿ ಕಾಪಾಡಿದರೂ ನಿಂತು ಎದ್ದ ಸ್ನಾಯು ಕೆಲವು ಗಂಟೆ, ಕೆಲವರಲ್ಲಿ ಒಂದೆರಡು ದಿನ ದಣಿದಿರುತ್ತದೆ. ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಟ್ರೊಪೋನಿನ್ ಪರೀಕ್ಷೆ ಮಾಡಿದರೆ ಎಲ್ಲರಿಗೂ ಏರಿರುತ್ತದೆ. ಸಾಮಾನ್ಯ ರೋಗಿಗೆ ಹಾಕುವ ಮಿತಿಯನ್ನು ಇಲ್ಲಿ ಹಾಕಬಾರದು. ಹೊಟ್ಟೆಯ ಮೇಲ್ಭಾಗದಿಂದ ಎರಡು ಸಣ್ಣ ತಂತಿ ಹೊರಬಂದಿರುತ್ತವೆ, ಬಡಿತ ನಿಧಾನವಾದರೆ ಪೇಸ್ ಮಾಡಲು, ಅಂದರೆ ಸಣ್ಣ ವಿದ್ಯುತ್ ಕೊಟ್ಟು ಬಡಿಸಲು. ಹೊರಡುವ ಮೊದಲು ಎಳೆದು ತೆಗೆಯುತ್ತಾರೆ.

ನನಗೆ ಇಂದಿಗೂ ಬೆರಗು ಅನಿಸುವ ಒಂದು ಸಂಗತಿ ಇದೆ. ಥಿಯೇಟರಿನಲ್ಲಿ ಹೃದಯ ನಿಲ್ಲಿಸಿದ ಅದೇ ಪೊಟ್ಯಾಸಿಯಂ ಅನ್ನು ಐಸಿಯುನಲ್ಲಿ ನಾನು ರಾತ್ರಿಯಿಡೀ ಅಳೆದು ಅಳೆದು ಕೊಡುತ್ತೇನೆ. ರಕ್ತದಲ್ಲಿ 4ಕ್ಕಿಂತ ಕೆಳಗಿಳಿದರೆ ಬಡಿತ ಲಯ ತಪ್ಪುವ ಭಯ. ಎರಡನೇ, ಮೂರನೇ ದಿನ ಸುಮಾರು ಹತ್ತರಲ್ಲಿ ಮೂರು ಜನರಿಗೆ ಬಡಿತ ಅಡ್ಡಾದಿಡ್ಡಿ ಆಗುತ್ತದೆ. ಹೆಚ್ಚಿನವರಿಗೆ ಔಷಧಿಯಿಂದ ಸರಿ ಹೋಗುತ್ತದೆ.

ನವನಗರ_ತಮ್ಮ | ಮಂಗಳವಾರ, ರಾತ್ರಿ 11:50

ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಅಕ್ಕಾ, ನಿಮ್ಮನ್ನು ಹೆದರಿಸಲು ಅಲ್ಲ.

ನಮ್ಮ ಅಣ್ಣ ಉಳಿಯಲಿಲ್ಲ. ದೊಡ್ಡ ಹೃದಯಾಘಾತ ಆಗಿ ಹೃದಯದ ಪಂಪಿಂಗ್ ಶೇಕಡಾ 25ಕ್ಕೆ ಇಳಿದಿತ್ತು. ತುರ್ತಾಗಿ ಆಪರೇಷನ್ ಮಾಡಿದರು. ಮುಗಿದ ಮೇಲೆ ಹೃದಯ ಮಷಿನ್ ಬಿಟ್ಟು ನಡೆಯಲಿಲ್ಲವಂತೆ. ಹೃದಯಕ್ಕೆ ನೆರವಾಗಲು ತೊಡೆಯ ರಕ್ತನಾಳದಿಂದ ಬಲೂನ್ ಹಾಕಿದರು. ಮೂರನೇ ದಿನ ಹೋದರು. ಆಸ್ಪತ್ರೆಯ ಹೆಸರು ಬೇಡ. ಅವರು ಪ್ರಯತ್ನ ಮಾಡಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ನಮ್ಮನ್ನು ಕೂರಿಸಿಕೊಂಡು ಯಾರೂ ಏನಾಯಿತು ಎಂದು ಹೇಳಲಿಲ್ಲ. ಹೃದಯ ನಿಲ್ಲಿಸುತ್ತಾರೆ ಎನ್ನುವುದೇ ನನಗೆ ಆಮೇಲೆ ಗೊತ್ತಾಗಿದ್ದು. ನಾಲ್ಕು ವರ್ಷದಿಂದ ಒಂದೇ ಪ್ರಶ್ನೆ ತಲೆಯಲ್ಲಿದೆ. ನಿಲ್ಲಿಸಿದ್ದರಿಂದಲೇ ಹೋದರಾ?

ಪಂಪ್_ಕಾಯುವವ | ಬುಧವಾರ, ರಾತ್ರಿ 12:40

ತಮ್ಮಾ, ನಿಮ್ಮ ಅಣ್ಣನ ಕೇಸ್ ನಾನು ನೋಡಿಲ್ಲ, ಹಾಗಾಗಿ ಕಾರಣ ಹೇಳುವುದು ತಪ್ಪಾಗುತ್ತದೆ. ಇಷ್ಟು ಹೇಳಬಲ್ಲೆ. ಇನ್ನೂ ಜೀವ ಇರುವ ಸ್ನಾಯುವನ್ನು ಪ್ಲೀಜಿಯಾ ಉಳಿಸುತ್ತದೆ, ಹೋದ ಸ್ನಾಯುವನ್ನು ಮರಳಿ ತರುವುದಿಲ್ಲ. ಥಿಯೇಟರಿಗೆ ಬರುವ ಮೊದಲೇ ಮುಕ್ಕಾಲು ಪೆಟ್ಟು ತಿಂದ ಹೃದಯದಲ್ಲಿ ಉಳಿತಾಯ ಕಡಿಮೆ. ಅಂಥ ಕೇಸಿನಲ್ಲಿ ಮಷಿನ್‌ನಿಂದ ಬಿಡಿಸಲು ಅರ್ಧ ಗಂಟೆ, ಮುಕ್ಕಾಲು ಗಂಟೆ ಎಲ್ಲರೂ ಉಸಿರು ಹಿಡಿದು ನಿಂತಿರುತ್ತೇವೆ. ಔಷಧಿ ಏರಿಸುತ್ತೇವೆ, ಮತ್ತೆ ಪಂಪ್‌ಗೆ ಹೋಗಿ ಹೃದಯಕ್ಕೆ ವಿಶ್ರಾಂತಿ ಕೊಡುತ್ತೇವೆ, ಮತ್ತೆ ನೋಡುತ್ತೇವೆ. ಆ ಹೊತ್ತಿನಲ್ಲಿ ಹೊರಗೆ ಕೂತಿರುವ ಮನೆಯವರು ನಮ್ಮ ಕಣ್ಣ ಮುಂದೆ ಇರುತ್ತಾರೆ.

ನಿಮಗೆ ಕೂರಿಸಿ ಹೇಳಬೇಕಿತ್ತು. ಅದು ನಿಮ್ಮ ಹಕ್ಕು. ಈಗಲೂ ನೀವು ಆಪರೇಷನ್ ನೋಟ್ಸ್ ಕೇಳಿ ಪಡೆಯಬಹುದು. ಯಾರಾದರೂ ಪರಿಚಯದ ಹೃದ್ರೋಗ ತಜ್ಞರ ಹತ್ತಿರ ಓದಿಸಿ. ಬೇಕಾದರೆ ನಾನೂ ಜೊತೆಗೆ ಕೂರುತ್ತೇನೆ.

ಧಾರವಾಡ_ನಿವೃತ್ತ | ಬುಧವಾರ, ಬೆಳಿಗ್ಗೆ 9:00

ರಕ್ತ ಮರಳಿ ಬಿಡುವ ಗಳಿಗೆಯಲ್ಲೂ ಗಾಯ ಆಗುತ್ತದೆ ಎನ್ನುವುದನ್ನು ಇಲ್ಲಿ ಸೇರಿಸಬೇಕು. ಹಸಿದ ಕೋಶಕ್ಕೆ ಒಮ್ಮೆಲೇ ರಕ್ತ ನುಗ್ಗಿದರೆ ಕ್ಯಾಲ್ಸಿಯಂ ಒಳಗೆ ತುಂಬಿಕೊಳ್ಳುತ್ತದೆ, ಆಮ್ಲಜನಕದಿಂದಲೇ ಹಾನಿಕಾರಕ ಕಣಗಳು ಹುಟ್ಟುತ್ತವೆ. ಬಹಳ ದಿನ ಉಪವಾಸ ಇದ್ದವರಿಗೆ ಮೊದಲ ದಿನವೇ ಹೊಟ್ಟೆ ತುಂಬ ಹೋಳಿಗೆ ಬಡಿಸುವುದಿಲ್ಲ, ಗಂಜಿ ಕೊಡುತ್ತೇವೆ. ಹಾಗೆಯೇ ಕೆಲವು ತಂಡಗಳು ಕ್ಲಾಂಪ್ ತೆಗೆಯುವ ಮೊದಲು ಬೆಚ್ಚಗಿನ ರಕ್ತದ ಪ್ಲೀಜಿಯಾ ಒಂದು ಸುತ್ತು ಕೊಡುತ್ತವೆ. ಸ್ನಾಯು ಇನ್ನೂ ನಿಂತಿರುತ್ತದೆ, ಆದರೆ ಉಣ್ಣಲು ಶುರು ಮಾಡುತ್ತದೆ.

ಇದರ ಜೊತೆಗೆ 1986ರಲ್ಲಿ ಒಂದು ಸೋಜಿಗ ಕಂಡಿತು. ನಾಯಿಗಳ ಹೃದಯಕ್ಕೆ ಐದೈದು ನಿಮಿಷ ನಾಲ್ಕು ಸಲ ರಕ್ತ ನಿಲ್ಲಿಸಿ ಬಿಟ್ಟು, ಆಮೇಲೆ 40 ನಿಮಿಷ ನಿಲ್ಲಿಸಿದರೆ ಗಾಯ ಕಾಲು ಭಾಗಕ್ಕೆ ಇಳಿಯಿತು. ಸಣ್ಣ ಪೆಟ್ಟು ದೊಡ್ಡ ಪೆಟ್ಟಿಗೆ ಸಿದ್ಧ ಮಾಡಿತ್ತು. ಮುಂದೆ ತೋಳಿಗೆ ಬಿಪಿ ಪಟ್ಟಿ ಬಿಗಿದು ಬಿಟ್ಟು ಮಾಡಿದರೂ ಹೃದಯಕ್ಕೆ ಅದೇ ಲಾಭ ಸಿಗಬಹುದು ಎಂಬ ಆಸೆ ಹುಟ್ಟಿತು. ನಾನೂ ಬಹಳ ನಂಬಿದ್ದೆ. 2015ರಲ್ಲಿ ಬ್ರಿಟನ್ ಮತ್ತು ಜರ್ಮನಿಯಲ್ಲಿ ಒಂದೊಂದರಲ್ಲೂ 1,300ಕ್ಕೂ ಹೆಚ್ಚು ರೋಗಿಗಳಿದ್ದ ಎರಡು ಅಧ್ಯಯನ ಬಂದವು. ಆಪರೇಷನ್ ರೋಗಿಗಳಿಗೆ ಲಾಭ ಕಾಣಲಿಲ್ಲ. ಯಾರಾದರೂ ಇದನ್ನು ಮಾಡಿಸಿ ಎಂದು ಹೇಳಿದರೆ ಅದಕ್ಕೆ ಹಣ ಕೊಡಬೇಡಿ.

ಬೆಟಗೇರಿ_ಮಗಳು | 25 ದಿನಗಳ ನಂತರ, ಸಂಜೆ 7:20

ಎಲ್ಲರಿಗೂ ಹೇಳಲೇಬೇಕು. ಅಪ್ಪ ನಿನ್ನೆ ಮನೆಗೆ ಬಂದರು.

ಆಪರೇಷನ್ನಿನ ಮುಂಚಿನ ದಿನ ಇಲ್ಲಿ ಓದಿದ್ದನ್ನೇ ಇಟ್ಟುಕೊಂಡು ಡಾಕ್ಟರನ್ನು ಕೇಳಿದೆ. ವಾಲ್ವ್ ಸೋರುತ್ತಿದೆಯಲ್ಲ, ಪ್ಲೀಜಿಯಾ ಹೇಗೆ ಕೊಡುತ್ತೀರಿ ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಆಮೇಲೆ ಹತ್ತು ನಿಮಿಷ ಕೂತು ಹೇಳಿದರು. ಹಿಂಬದಿಯಿಂದ ಮತ್ತು ನೇರವಾಗಿ, ಎರಡೂ. ಅಪ್ಪನೂ ಪಕ್ಕದಲ್ಲೇ ಇದ್ದರು.

ಕ್ಲಾಂಪ್ 104 ನಿಮಿಷ, ಪಂಪ್ 141 ನಿಮಿಷ. ಡಿಸ್ಚಾರ್ಜ್ ಹಾಳೆಯಲ್ಲೇ ಇದೆ. ಕ್ಲಾಂಪ್ ತೆಗೆದಾಗ ಹೃದಯ ಮೊದಲು ನಡುಗಿತಂತೆ, ಒಂದು ಸಣ್ಣ ಶಾಕ್ ಕೊಟ್ಟ ಮೇಲೆ ಲಯಕ್ಕೆ ಬಂತಂತೆ. ಮೂರನೇ ದಿನ ಬಡಿತ ಅಡ್ಡಾದಿಡ್ಡಿ ಆಯಿತು. ಸಿಸ್ಟರ್ ಅಕ್ಕ ಮೊದಲೇ ಹೇಳಿದ್ದರಿಂದ ಅವ್ವ ಅಳಲಿಲ್ಲ. ಎರಡು ದಿನಕ್ಕೆ ಸರಿಹೋಯಿತು. ಬೀಡಿ ಬಿಟ್ಟು 22 ದಿನ.

ಖರ್ಚಿನ ಬಗ್ಗೆಯೂ ಹೇಳುತ್ತೇನೆ. ನಮ್ಮದು ಬಿಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಗದಗದ ಸರ್ಕಾರಿ ಆಸ್ಪತ್ರೆಯಲ್ಲಿ ರೆಫರಲ್ ಬರೆಸಿಕೊಂಡು ಹೋಗಿದ್ದೆವು.

ಹಾವೇರಿ_ರೈತ | ರಾತ್ರಿ 8:05

ಬಹಳ ಸಂತೋಷ ಆಯ್ತವ್ವಾ. ಮೂರು ತಿಂಗಳು ಭಾರ ಎತ್ತಲು ಬಿಡಬೇಡಿ. ಮಗ್ಗದ ಹತ್ತಿರವೂ ಸದ್ಯ ಬೇಡ, ಎದೆಮೂಳೆ ಕೂಡಬೇಕು.

ಶಿರಹಟ್ಟಿ_ತಾಯಿ | ರಾತ್ರಿ 9:30

ನಾನು ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ನನ್ನ ಮಗಳಿಗೆ ಎರಡೂವರೆ ವರ್ಷ, ಹೃದಯದಲ್ಲಿ ರಂಧ್ರ. ಮುಂದಿನ ತಿಂಗಳು ಆಪರೇಷನ್. ಇಷ್ಟು ಸಣ್ಣ ಹೃದಯಕ್ಕೂ ಇದೇ ಔಷಧಿಯಾ ಅಣ್ಣಾ? 20 ನಿಮಿಷಕ್ಕೊಮ್ಮೆ ಕೊಡ್ತಾರಾ?

ಪಂಪ್_ಕಾಯುವವ | ರಾತ್ರಿ 10:45

ಅಕ್ಕಾ, ಮಕ್ಕಳ ಸ್ನಾಯು ಬೇರೆ ಥರ, ಕ್ಯಾಲ್ಸಿಯಂ ತುಂಬಿಕೊಂಡರೆ ಬೇಗ ನೋಯುತ್ತದೆ. ಅದನ್ನೇ ನೋಡಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಡೆಲ್ ನಿಡೊ ಎಂಬ ಸರ್ಜನ್ ಮತ್ತು ಅವರ ತಂಡ 1990ರ ದಶಕದಲ್ಲಿ ಮಕ್ಕಳಿಗಾಗಿಯೇ ಒಂದು ಪ್ಲೀಜಿಯಾ ಮಾಡಿದರು. ಅದಕ್ಕೆ ಅವರ ಹೆಸರೇ ಇದೆ. ಪೊಟ್ಯಾಸಿಯಂ ಜೊತೆ ಲಿಡೊಕೇನ್, ಮೆಗ್ನೀಸಿಯಂ, ಮ್ಯಾನಿಟಾಲ್, ಸೋಡಾ ಬೈಕಾರ್ಬ್ ಇರುತ್ತವೆ. ನಾಲ್ಕು ಪಾಲು ದ್ರಾವಣಕ್ಕೆ ಒಂದು ಪಾಲು ಮಗುವಿನದೇ ಮಷಿನ್ ರಕ್ತ. ಮೈತೂಕದ ಕಿಲೋಗೆ 20 ಮಿಲಿ. ನಿಮ್ಮ ಮಗಳು 11 ಕಿಲೋ ಇದ್ದರೆ 220 ಮಿಲಿ, ಒಂದು ದೊಡ್ಡ ಲೋಟದಷ್ಟು. ಒಮ್ಮೆ ಕೊಟ್ಟರೆ ಸುಮಾರು ಒಂದರಿಂದ ಒಂದೂವರೆ ಗಂಟೆ ಕಾಯುತ್ತದೆ. ಬರೀ ರಂಧ್ರ ಮುಚ್ಚುವುದಾದರೆ ಎರಡನೇ ಸಲ ಕೊಡುವ ಪ್ರಸಂಗ ಸಾಮಾನ್ಯವಾಗಿ ಬರುವುದಿಲ್ಲ. ಈಗ ದೊಡ್ಡವರಿಗೂ ಇದನ್ನು ಬಳಸುತ್ತಾರೆ. ನಿಮ್ಮ ತಂಡ ಬೇರೆಯದು ಬಳಸಿದರೂ ಚಿಂತೆ ಬೇಡ, ಅವರಿಗೆ ರೂಢಿ ಇರುವುದು ಮುಖ್ಯ.

ಮಗುವಿಗೆ ಶೀತ, ಕೆಮ್ಮು, ಜ್ವರ ಬಂದರೆ ಮುಚ್ಚಿಡದೆ ಆಸ್ಪತ್ರೆಗೆ ಫೋನ್ ಮಾಡಿ. ದಿನ ಮುಂದೆ ಹೋಗುತ್ತದೆ ಎಂದು ಬಹಳ ತಾಯಂದಿರು ಹೇಳುವುದಿಲ್ಲ. ಮುಂದೆ ಹೋಗಲಿ. ಅವಳ ತೂಕ ಮತ್ತು ಎಕೋ ರಿಪೋರ್ಟ್‌ನಲ್ಲಿ ಏನು ಬರೆದಿದ್ದಾರೆ ಎಂದು ನಾಳೆ ತಿಳಿಸಿ. ನನ್ನ ಡ್ಯೂಟಿ ಮಧ್ಯಾಹ್ನ ಮುಗಿಯುತ್ತದೆ, ಕೂತು ಓದುತ್ತೇನೆ.